ತಿಳಿ ಮತ್ತು ಗಸಿ: ಜಾನ್ ಡಾರ್ ಮಹಾಶಯನ ಜೀವನ

ಕಳೆದ ವರ್ಷ ನಮ್ಮ ಇತಿಹಾಸ ಸಂಘದವರು ಹಂಪೆಗೆ ಪ್ರವಾಸ ಹೊರಟಾಗ, ಯಂತ್ರವೊಂದನ್ನು ಕುರಿತು ಲೇಖನ ಬರೆಯುವ ಪ್ರಸಂಗ ನನಗೆ ಒದಗೀತೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ವಿರೂಪಾಕ್ಷನ ದರ್ಶನವಾಯಿತು, ವಿಠ್ಠಲನ ಗುಡಿಯ ಕಲ್ಲಿನ ರಥವನ್ನು ಕಂಡೆವು, ಮಹಾನವಮಿ ದಿಬ್ಬದ ಬಳಿಯ ಪುಷ್ಕರಣಿಯ ಮೆಟ್ಟಿಲುಗಳನ್ನು ಎಣಿಸಲು ಹೋಗಿ ಸೋತೆವು. ಮರಳುವ ದಾರಿಯಲ್ಲಿ ಬಳ್ಳಾರಿ ಸೀಮೆಯ ಒಂದು ಕಬ್ಬಿಣದ ಅದಿರಿನ ಕಾರ್ಖಾನೆಯನ್ನೂ ನೋಡಿಕೊಂಡು ಹೋಗೋಣವೆಂದು ನಮ್ಮ ಅಧ್ಯಾಪಕರು ಹೇಳಿದಾಗ ನಮ್ಮಲ್ಲಿ ಹಲವರು ಮುಖ ಸಿಂಡರಿಸಿದರು. ಅವರಲ್ಲಿ ನಾನೂ ಒಬ್ಬ.

ಅಲ್ಲಿ ಅದಿರನ್ನು ಅರೆಯುವ ಯಂತ್ರಗಳ ಆರ್ಭಟಕ್ಕೆ ಕಿವಿ ಗಡಚಿಕ್ಕಿತು. ಆ ಗದ್ದಲವನ್ನು ದಾಟಿ ಹೊರಗೆ ಬಂದರೆ ಬಯಲಿನಲ್ಲಿ ಒಂದು ದುಂಡನೆಯ ತೊಟ್ಟಿ. ದೇವಸ್ಥಾನದ ಕಲ್ಯಾಣಿಯಷ್ಟು ಅಗಲ. ಅದರ ನಡುವಿಗೆ ಕುಂಕುಮ ಕಲಸಿದಂತಿದ್ದ ಬಗ್ಗಡ ನೀರು ಬಂದು ಬೀಳುತ್ತಿತ್ತು. ಅಂಚಿನ ಸುತ್ತಲೂ ಇದ್ದ ಕಾಲುವೆಗೆ ಮಾತ್ರ ತಿಳಿಯಾದ ನೀರು ಸದ್ದಿಲ್ಲದೆ ತುಳುಕುತ್ತಿತ್ತು. ನಡುಗಂಬಕ್ಕೆ ಸೇರಿದ ಒಂದು ಉದ್ದನೆಯ ತೋಳು ಸುತ್ತುತ್ತಿದೆಯೆಂದು ಹೇಳಿದರು. ಬಹಳ ಹೊತ್ತು ದಿಟ್ಟಿಸಿ ನೋಡಿದ ಮೇಲೆಯೇ ಅದು ಚಲಿಸುತ್ತಿದೆಯೆಂದು ನನಗೆ ನಂಬಿಕೆಯಾದದ್ದು. ಇಷ್ಟೇ ಏನು ಎಂದು ನಾನು ನಕ್ಕೆ. ನಕ್ಕದ್ದಕ್ಕೆ ಶಿಕ್ಷೆಯೋ ಎಂಬಂತೆ, ಇದನ್ನು ಕಂಡುಹಿಡಿದವನು ಯಾರೆಂದು ತಿಳಿದು ನಮ್ಮ ವಾರ್ಷಿಕ ಸಂಚಿಕೆಗೆ ಬರೆದುಕೊಡಬೇಕೆಂದು ಅಧ್ಯಾಪಕರು ಅಪ್ಪಣೆ ಮಾಡಿದರು. ಈ ಲೇಖನ ಆ ಅಪ್ಪಣೆಯ ಫಲ.

ಆ ತೊಟ್ಟಿಗೆ ಥಿಕನರ್ ಎಂದು ಹೆಸರು. ನೀರಿನಲ್ಲಿ ಕದಡಿದ ಪುಡಿಯನ್ನು ತಳಕ್ಕೆ ಇಳಿಸಿ ಗಟ್ಟಿಮಾಡುತ್ತದೆಯಾದ್ದರಿಂದ ಆ ಹೆಸರು. ನಾನು ಇಲ್ಲಿ ಅದನ್ನು ತಿಳಿತೊಟ್ಟಿ ಎಂದು ಕರೆಯುವೆನು. ಅದು ಮಾಡುವ ಕೆಲಸ ನಮಗೆ ಹೊಸದಲ್ಲ. ಆಷಾಢದಲ್ಲಿ ತುಂಗಭದ್ರೆಗೆ ಹೊಸ ನೀರು ಬಂದಾಗ ಹೊಳೆದಂಡೆಯ ಊರಿನವರು ಆ ಕೆಂಪು ನೀರನ್ನು ಹಂಡೆಗೆ ತುಂಬಿ, ಪಟಿಕದ ಹರಳನ್ನು ಒಂದೆರಡು ಸುತ್ತು ಆಡಿಸಿ, ರಾತ್ರಿಯೆಲ್ಲ ಅಲುಗದಂತೆ ಬಿಡುತ್ತಿದ್ದರು. ಬೆಳಗಾಗುವಾಗ ಮೇಲೆ ತಿಳಿ, ಕೆಳಗೆ ಗಸಿ. ತಿಳಿಯನ್ನು ಬಸಿದುಕೊಂಡು ಗಸಿಯನ್ನು ಚೆಲ್ಲಿದರಾಯಿತು. ಇದಕ್ಕೆ ಇಂಜಿನಿಯರನೇಕೆ ಬೇಕು? ಬೇಕು ಎಂಬುದನ್ನು ತೋರಿಸಿದವನು ಅಮೆರಿಕದ ಜಾನ್ ವ್ಯಾನ್ ನಾಸ್ಟ್ರಾಂಡ್ ಡಾರ್.

ಡಾರ್ ಮಹಾಶಯನು ೧೮೭೨ರ ಜನವರಿಯಲ್ಲಿ ನ್ಯೂ ಜೆರ್ಸಿ ಸಂಸ್ಥಾನದ ನ್ಯೂಅರ್ಕ್ ನಗರದಲ್ಲಿ ಹುಟ್ಟಿದನು. ಕಾಲೇಜು ಸೇರುವುದಕ್ಕೆ ಮೊದಲೇ, ಎಳೆಯ ವಯಸ್ಸಿನಲ್ಲಿ, ಥಾಮಸ್ ಆಲ್ವಾ ಎಡಿಸನ್ನನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವ ಭಾಗ್ಯ ಆತನಿಗೆ ದೊರೆಯಿತು. ವಿದ್ಯುದ್ದೀಪದ ಎಡಿಸನ್ನನನ್ನು ಎಲ್ಲರೂ ಬಲ್ಲರು. ಅದೇ ಎಡಿಸನ್ನನು ೧೮೯೦ರ ದಶಕದಲ್ಲಿ ಬಡ ಕಬ್ಬಿಣದ ಅದಿರನ್ನು ಪುಡಿಮಾಡಿ ಅಯಸ್ಕಾಂತದಿಂದ ಬೇರ್ಪಡಿಸಲು ಹೊರಟು ಅಪಾರ ಹಣವನ್ನು ಕಳೆದುಕೊಂಡನೆಂಬುದನ್ನು ಬಲ್ಲವರು ಕಡಿಮೆ. ಗುರುವಿನ ಕೈಗೆ ಒಲಿಯದ ಅದಿರಿನ ವಿದ್ಯೆ ಶಿಷ್ಯನ ಕೈಗೆ ಬೇರೊಂದು ದಾರಿಯಲ್ಲಿ ಒಲಿಯಿತು. ಡಾರ್ ಮಹಾಶಯನು ರಟ್ಗರ್ಸ್ ಕಾಲೇಜಿನಲ್ಲಿ ಓದಿ ೧೮೯೪ರಲ್ಲಿ ಪದವೀಧರನಾದನು. ಬಳಿಕ ಊರಿನ ಸುತ್ತಮುತ್ತ ಉದ್ಯೋಗ ಹುಡುಕುತ್ತ ಕೂರದೆ ಪಶ್ಚಿಮಕ್ಕೆ ಮುಖ ಮಾಡಿ, ದಕ್ಷಿಣ ಡಕೋಟದ ಬ್ಲ್ಯಾಕ್ ಹಿಲ್ಸ್ ಎಂಬ ಬೆಟ್ಟಸಾಲನ್ನು ಸೇರಿದನು.

ಇತಿಹಾಸದ ವಿದ್ಯಾರ್ಥಿಯಾದ ನಾನು ಆ ಬೆಟ್ಟಗಳ ವಿಷಯವಾಗಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ೧೮೬೮ರ ಒಪ್ಪಂದದಂತೆ ಅವು ಲಕೋಟ ಜನರ ಭೂಮಿ. ೧೮೭೪ರಲ್ಲಿ ಅಲ್ಲಿ ಚಿನ್ನವಿದೆಯೆಂಬ ಸುದ್ದಿ ಹಬ್ಬಿತು. ಮೂರೇ ವರ್ಷಗಳಲ್ಲಿ ಅಮೆರಿಕದ ಸರ್ಕಾರ ಅವನ್ನು ವಶಪಡಿಸಿಕೊಂಡಿತು. ಇದಕ್ಕೆ ಪರಿಹಾರ ಸಲ್ಲಬೇಕೆಂದು ಆ ದೇಶದ ಪರಮೋಚ್ಚ ನ್ಯಾಯಾಲಯ ತೀರ್ಪಿತ್ತದ್ದು ೧೯೮೦ರಲ್ಲಿ. ಹಣವಲ್ಲ, ಬೆಟ್ಟವೇ ಬೇಕೆಂದು ಆ ಜನರು ಪರಿಹಾರವನ್ನು ಮುಟ್ಟಲಿಲ್ಲ. ಡಾರ್ ಮಹಾಶಯನು ಅಲ್ಲಿಗೆ ಹೋಗುವ ವೇಳೆಗೆ ಡೆಡ್‌ವುಡ್, ಲೀಡ್, ಟೆರಿ ಎಂಬ ಗಣಿಯೂರುಗಳು ಬೆಳೆದು ನಿಂತಿದ್ದವು. ಸುಲಭವಾಗಿ ಸಿಗುವ ಚಿನ್ನದ ಕಾಲ ಅಷ್ಟರಲ್ಲಿ ಮುಗಿದುಹೋಗಿದ್ದಿತು. ಉಳಿದಿದ್ದ ಅದಿರಿನಲ್ಲಿ ಚಿನ್ನ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಬೆರೆತಿದ್ದಿತು. ಅದನ್ನು ತೆಗೆಯಲು ಸಾಹಸಿಗಿಂತ ರಸಾಯನಶಾಸ್ತ್ರಜ್ಞನೇ ಬೇಕಾಗಿದ್ದನು.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಮ್ಯಾಕ್‌ಆರ್ಥರ್ ಎಂಬವನೂ ಫಾರೆಸ್ಟ್ ಸಹೋದರರೂ ೧೮೮೭ರಲ್ಲಿ ಸಯನೈಡ್ ವಿಧಾನವನ್ನು ಕಂಡುಹಿಡಿದಿದ್ದರು. ಅದಿರನ್ನು ಹಿಟ್ಟಿನಂತೆ ಅರೆದು, ಬಹಳ ತೆಳುವಾದ ಸಯನೈಡ್ ದ್ರಾವಣದಲ್ಲಿ ನೆನೆಸಿದರೆ, ಗಾಳಿಯ ಆಮ್ಲಜನಕದ ನೆರವಿನಿಂದ ಚಿನ್ನ ಕರಗಿ ನೀರಿಗೆ ಇಳಿಯುತ್ತದೆ. ಆ ದ್ರಾವಣವನ್ನು ಸತುವಿನ ಮೇಲೆ ಹಾಯಿಸಿದರೆ ಚಿನ್ನ ಮರಳಿ ಹೊರಬೀಳುತ್ತದೆ. ನಮ್ಮ ಕೋಲಾರದ ಗಣಿಗಳಲ್ಲಿಯೂ ಈ ವಿಧಾನವೇ ಬಹುಕಾಲ ನಡೆಯಿತು. ೨೦೦೧ರಲ್ಲಿ ಆ ಗಣಿಗಳು ಮುಚ್ಚಿದರೂ, ಚಿನ್ನ ತೆಗೆದುಳಿದ ಪುಡಿಯ ದಿಬ್ಬಗಳು ಅಲ್ಲಿ ಗುಡ್ಡಗಳಂತೆ ನಿಂತಿವೆ.

ಇಲ್ಲಿರುವ ಸ್ವಾರಸ್ಯವನ್ನು ವಾಚಕರು ಗಮನಿಸಬೇಕು. ಹಂಡೆಯ ನೀರಿನಂತೆಯೇ ಇಲ್ಲಿಯೂ ಬೇಕಾದದ್ದು ತಿಳಿ, ಬೇಡವಾದದ್ದು ಗಸಿ. ಆದರೆ ಇಲ್ಲಿ ಚಿನ್ನವಿರುವುದು ಆ ತಿಳಿಯಲ್ಲಿ! ಗಸಿ ಎಷ್ಟು ನೀರನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೋ ಅಷ್ಟು ಚಿನ್ನ ಕೆಸರಿನೊಡನೆ ಹೊರಕ್ಕೆ ಹೋಯಿತೆಂದೇ ಅರ್ಥ. ನೀರನ್ನೂ ಕೆಸರನ್ನೂ ಬೇರ್ಪಡಿಸುವ ಕೆಲಸದ ಮೇಲೆ ಒಂದು ಗಿರಣಿಯ ಲಾಭನಷ್ಟ ನಿಂತಿದ್ದಿತು. ಗಿರಣಿ ನಿಂತರೆ ಅದನ್ನೇ ನಂಬಿದ ಊರು ಖಾಲಿಯಾಗುತ್ತಿದ್ದಿತು.

ಅರೆದ ಅದಿರಿನಲ್ಲಿ ಎರಡು ಬಗೆ: ಒಂದು ಮರಳು, ಇನ್ನೊಂದು ನುಣ್ಣನೆಯ ಒಂಡು. ಮರಳಿನ ಮೂಲಕ ದ್ರಾವಣ ತಾನಾಗಿ ಬಸಿದು ಹೋಗುತ್ತದೆ. ಒಂಡಿನ ಮೂಲಕ ಬಸಿಯದು. ಇವೆರಡೂ ಬೆರೆತರೆ ಒಂಡು ಮರಳಿನ ಸಂದುಗಳನ್ನೆಲ್ಲ ಮುಚ್ಚಿ ಎರಡನ್ನೂ ಕೆಡಿಸುತ್ತದೆ. ಒಂಡು ನೀರಿನಲ್ಲಿ ಇಳಿಯುವುದೂ ಬಲು ನಿಧಾನ. ಕೇಂಬ್ರಿಜ್ಜಿನ ಸ್ಟೋಕ್ಸ್ ಪಂಡಿತನು ೧೮೫೧ರಲ್ಲಿಯೇ ಇದರ ಲೆಕ್ಕವನ್ನು ಕೊಟ್ಟಿದ್ದನು. ಕಣದ ಅಡ್ಡಳತೆ ಹತ್ತನೆಯ ಒಂದು ಪಾಲಾದರೆ ಇಳಿಯುವ ವೇಗ ನೂರನೆಯ ಒಂದು ಪಾಲಾಗುತ್ತದೆ. ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟಿರುವ ಬಿಳಿಗಲ್ಲಿನ ಕಣ ನಿಂತ ನೀರಿನಲ್ಲಿ ಗಂಟೆಗೆ ಸುಮಾರು ಮೂವತ್ತು ಸೆಂಟಿಮೀಟರ್ ಇಳಿಯುತ್ತದೆ. ಸಾವಿರದ ಒಂದು ಪಾಲಿನಷ್ಟಿರುವ ಕಣ ಗಂಟೆಗೆ ಮೂರೇ ಮಿಲಿಮೀಟರ್! ದಿನವೂ ಟನ್ನುಗಟ್ಟಲೆ ಅದಿರನ್ನು ಅರೆಯುವ ಗಿರಣಿ ಇದಕ್ಕಾಗಿ ಕಾದು ಕೂತರೆ ನಡೆದೀತೆ?

ಆ ಕಾಲದ ಗಿರಣಿಗಳು ಮಾಡುತ್ತಿದ್ದುದು ಹಂಡೆಯ ಉಪಾಯವನ್ನೇ. ತೊಟ್ಟಿಯನ್ನು ತುಂಬುವುದು, ನಿಲ್ಲಿಸಿ ಕಾಯುವುದು, ತಿಳಿಯನ್ನು ಬಸಿಯುವುದು, ಕೆಸರನ್ನು ಬಳಿದು ಹೊರಹಾಕುವುದು, ಮತ್ತೆ ತುಂಬುವುದು. ಅರೆಯುವ ಯಂತ್ರಕ್ಕೆ ಹಗಲಿರುಳೆಂಬ ಭೇದವಿಲ್ಲ. ತೊಟ್ಟಿ ಮಾತ್ರ ತುಂಬಿ ಖಾಲಿಯಾಗುವವರೆಗೆ ಕಾಯಬೇಕು. ಹೀಗಾಗಿ ತೊಟ್ಟಿಗಳ ಮೇಲೆ ತೊಟ್ಟಿಗಳು ಬೇಕಾದವು, ಆಳುಗಳ ಮೇಲೆ ಆಳುಗಳು ಬೇಕಾದರು. ಬಟ್ಟೆಯಲ್ಲಿ ಹಿಂಡಿ ಸೋಸುವ ಯಂತ್ರಗಳೂ ಇದ್ದವು. ಅವಕ್ಕೆ ಖರ್ಚು ಹೆಚ್ಚು. ಬಡ ಅದಿರು ಅಷ್ಟು ಖರ್ಚನ್ನು ತಾಳಲಾರದಾಗಿದ್ದಿತು.

ಡಾರ್ ಮಹಾಶಯನು ಇತರರ ಗಿರಣಿಗಳಲ್ಲಿ ದುಡಿದು ಅನುಭವ ಗಳಿಸಿದ ಮೇಲೆ ಪಾಲುದಾರರೊಡನೆ ಟೆರಿ ಊರಿನ ಬಳಿ ತಾನೇ ಒಂದು ಗಿರಣಿಯನ್ನು ಕಟ್ಟಿಸಿದನು. ಪರರ ಗಿರಣಿಯ ನಷ್ಟ ವರದಿಯ ಕಾಗದದಲ್ಲಿ ಉಳಿಯುತ್ತದೆ. ಸ್ವಂತ ಗಿರಣಿಯ ನಷ್ಟ ನಿದ್ದೆಯನ್ನು ಕೆಡಿಸುತ್ತದೆ. ೧೯೦೪ರಲ್ಲಿ ಆತನು ಮರಳನ್ನೂ ಒಂಡನ್ನೂ ಬೇರೆ ಮಾಡುವ ಯಂತ್ರವನ್ನು ರಚಿಸಿದನು. ಇಳಿಜಾರಾದ ಒಂದು ದೋಣಿ; ಅದರೊಳಗೆ ಹಿಂದು ಮುಂದಾಗಿ ಆಡುವ ಕುಂಟೆಗಳು. ಭಾರವಾದ ಮರಳನ್ನು ಕುಂಟೆ ಮೇಲಕ್ಕೆ ಎಳೆದು ಹಾಕಿದರೆ, ಒಂಡು ನೀರಿನೊಡನೆ ಕೆಳಗಿನ ತುದಿಯಿಂದ ತುಳುಕಿ ಹೋಗುತ್ತದೆ. ಇದರಿಂದ ಆತನ ಗಿರಣಿ ಲಾಭಕ್ಕೆ ತಿರುಗಿತು. ಡಾರ್ ಕ್ಲಾಸಿಫೈಯರ್ ಎಂದು ಲೋಕದ ಗಣಿಗಳೆಲ್ಲ ಬಲ್ಲ ಯಂತ್ರ ಇದೇ.

ಅರ್ಧ ಕೆಲಸವಾಯಿತು, ಒಂಡಿನ ಸಮಸ್ಯೆ ಹಾಗೆಯೇ ಉಳಿಯಿತು. ೧೯೦೫ರಲ್ಲಿ ಅದೇ ಸೀಮೆಯ ಮತ್ತೊಂದು ಗಿರಣಿಯನ್ನು ತಿದ್ದಿ ಕಟ್ಟುವ ಹೊಣೆ ಆತನಿಗೆ ಬಂದಿತು. ತಿಳಿತೊಟ್ಟಿ ಹುಟ್ಟಿದ್ದು ಅಲ್ಲಿ. ಆತನು ಮಾಡಿದ್ದಿಷ್ಟು: ದುಂಡನೆಯ ತೊಟ್ಟಿಯ ನಡುವೆ ಬಗ್ಗಡವನ್ನು ಮೆಲ್ಲಗೆ ಬಿಡುವುದು, ತಿಳಿ ತಾನಾಗಿ ಅಂಚಿನ ಕಾಲುವೆಗೆ ಹರಿಯುವಂತೆ ಮಾಡುವುದು, ತಳಕ್ಕಿಳಿದ ಕೆಸರನ್ನು ಓರೆಯಾಗಿ ಜೋಡಿಸಿದ ಅಲಗುಗಳಿಂದ ಸವರುತ್ತ ನಡುವಿನ ತೂತಿನ ಕಡೆಗೆ ತಳ್ಳುವುದು, ಅಲ್ಲಿಂದ ಅದನ್ನು ಎಡೆಬಿಡದೆ ಹೊರಕ್ಕೆ ಎಳೆಯುವುದು. ಒಳಗೆ ಬರುವುದೂ ನಿಲ್ಲಬೇಕಿಲ್ಲ, ಹೊರಗೆ ಹೋಗುವುದೂ ನಿಲ್ಲಬೇಕಿಲ್ಲ. ಹಂಡೆಯ ಉಪಾಯ ಹರಿಯುವ ಹೊಳೆಯ ಉಪಾಯವಾಯಿತು.

ನಾನು ಕಂಡು ನಕ್ಕ ಆ ನಿಧಾನದಲ್ಲಿಯೇ ಗುಟ್ಟು ಇದ್ದಿತು. ಅಲಗುಗಳು ಬೇಗ ತಿರುಗಿದರೆ ಇಳಿದ ಗಸಿ ಮತ್ತೆ ಕದಡಿ ಎಲ್ಲವೂ ಕೆಡುತ್ತದೆ. ತಿರುಗದೆಯೇ ಇದ್ದರೆ ಗಸಿ ಗಟ್ಟಿಯಾಗಿ ಕುಳಿತು ತೋಳನ್ನೇ ಹಿಡಿದು ನಿಲ್ಲಿಸುತ್ತದೆ. ಎಷ್ಟು ಬೇಕೋ ಅಷ್ಟೇ ಚಲನೆ. ಇನ್ನೊಂದು ಗುಟ್ಟು, ತೊಟ್ಟಿಯ ಹರವು. ಮೇಲಕ್ಕೇರುವ ನೀರಿನ ವೇಗ ಕೆಳಕ್ಕಿಳಿಯುವ ಕಣದ ವೇಗಕ್ಕಿಂತ ಕಡಿಮೆಯಿದ್ದರೆ ಮಾತ್ರ ಅಂಚಿನಲ್ಲಿ ತಿಳಿ ಬರುತ್ತದೆ. ತೊಟ್ಟಿ ಅಗಲವಾದಷ್ಟೂ ನೀರು ಮೆಲ್ಲಗೆ ಏರುತ್ತದೆ. ಆದ್ದರಿಂದಲೇ ಕಲ್ಯಾಣಿಯಂಥ ಆ ಅಗಲ. ಕೆಸರು ಕೆಳಗೆ ಅದುಮಿಕೊಂಡು ಗಟ್ಟಿಯಾಗುವುದಕ್ಕೆ ಆಳ ಬೇಕಷ್ಟೆ. ಪಟಿಕದ ಕೆಲಸವನ್ನು ಅಲ್ಲಿ ಸುಣ್ಣ ಮಾಡುತ್ತಿದ್ದಿತು. ಸುಣ್ಣ ಸೇರಿದಾಗ ಬಿಡಿಬಿಡಿಯಾಗಿ ತೇಲುವ ಕಣಗಳು ಒಂದನ್ನೊಂದು ಹಿಡಿದು ಗೊಂಚಲಾಗಿ, ಒಂಟಿ ಕಣಕ್ಕೆ ಅಸಾಧ್ಯವಾದ ವೇಗದಿಂದ ಇಳಿಯುತ್ತವೆ. ಇಂದು ಇದಕ್ಕಾಗಿ ಪಾಲಿಮರ್ ಎಂಬ ಉದ್ದುದ್ದ ಅಣುಗಳ ದ್ರವ್ಯಗಳನ್ನು ಬಳಸುತ್ತಾರೆ.

ಹೀಗೆ ಇಳಿದ ಕೆಸರಿನಲ್ಲಿಯೂ ಚಿನ್ನದ ನೀರು ಅಷ್ಟಿಷ್ಟು ಉಳಿಯುತ್ತದೆಯಲ್ಲವೇ? ಅದನ್ನು ತೊಳೆದು ತೆಗೆಯಲು ತಿಳಿತೊಟ್ಟಿಗಳನ್ನು ಸಾಲಾಗಿ ಇಟ್ಟರು. ಬೇಸಿಗೆಯಲ್ಲಿ ನೀರಿನ ಅಭಾವವಿರುವ ಮನೆಗಳಲ್ಲಿ ಪಾತ್ರೆ ತೊಳೆಯುವ ಕ್ರಮವನ್ನು ನೋಡಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಮೂರು ಬೋಗುಣಿಗಳಲ್ಲಿ ನೀರು. ಪಾತ್ರೆ ಮೊದಲು ಹೆಚ್ಚು ಕೊಳೆಯಾದ ನೀರಿಗೆ, ಆಮೇಲೆ ನಡುವಿನದಕ್ಕೆ, ಕೊನೆಗೆ ಶುದ್ಧ ನೀರಿಗೆ. ನೀರು ಮಾತ್ರ ಶುದ್ಧದಿಂದ ಕೊಳೆಯ ಕಡೆಗೆ ಹಿಮ್ಮುಖವಾಗಿ ಬರುತ್ತದೆ. ಹಾಗೆಯೇ ಗಿರಣಿಯಲ್ಲಿ ಕೆಸರು ಮೊದಲ ತೊಟ್ಟಿಯಿಂದ ಕೊನೆಯದಕ್ಕೆ ಹೋದರೆ, ಹೊಸ ನೀರು ಕೊನೆಯ ತೊಟ್ಟಿಯಿಂದ ಮೊದಲಿನದಕ್ಕೆ ಬರುತ್ತ ದಾರಿಯುದ್ದಕ್ಕೂ ಚಿನ್ನವನ್ನು ಕೂಡಿಸಿಕೊಳ್ಳುತ್ತದೆ. ಕಡಿಮೆ ನೀರಿನಲ್ಲಿ ಹೆಚ್ಚು ತೊಳೆಯುವ ಈ ಜಾಣತನ ಎಡೆಬಿಡದೆ ನಡೆಯುವ ತಿಳಿತೊಟ್ಟಿ ಬಂದ ಮೇಲೆ ಸುಲಭವಾಯಿತು.

ತೊಟ್ಟಿ ಎಷ್ಟು ಅಗಲವಿರಬೇಕೆಂಬುದನ್ನು ಗಾಜಿನ ಕೊಳವೆಯಲ್ಲಿ ಪರೀಕ್ಷಿಸಿ ಲೆಕ್ಕ ಹಾಕುವ ಕ್ರಮವನ್ನು ಕೋ ಮತ್ತು ಕ್ಲೆವೆಂಜರ್ ಎಂಬ ಇಬ್ಬರು ೧೯೧೬ರಲ್ಲಿ ಪ್ರಕಟಿಸಿದರು. ಗಸಿ ಇಳಿಯುವ ಬಗೆಗೆ ಕಿಂಚ್ ಎಂಬ ಆಂಗ್ಲ ಗಣಿತಜ್ಞನು ಸಿದ್ಧಾಂತ ಬರೆದದ್ದು ೧೯೫೨ರಲ್ಲಿ. ತೊಟ್ಟಿಯಾದರೋ ೧೯೦೫ರಿಂದಲೇ ತಿರುಗುತ್ತಿದ್ದಿತು! ಶಾಸ್ತ್ರ ಹುಟ್ಟಿದ ಮೇಲೆ ಯಂತ್ರ ಹುಟ್ಟುತ್ತದೆಂದು ನಾವು ತಿಳಿಯುತ್ತೇವೆ. ವ್ಯಾಕರಣಕ್ಕಿಂತ ಮೊದಲೇ ಜನ ಮಾತಾಡುತ್ತಿದ್ದರೆಂಬುದನ್ನು ಬಲ್ಲ ಕಲಾವಿಭಾಗದವರಾದ ನಮಗೆ ಇದು ಆಶ್ಚರ್ಯವಾಗಬಾರದು.

ಡಾರ್ ಮಹಾಶಯನು ತನ್ನ ಹೆಸರಿನ ಕಂಪನಿಯನ್ನು ಸ್ಥಾಪಿಸಿ ಯಂತ್ರಗಳನ್ನು ದೇಶದೇಶಗಳಿಗೆ ಕಳುಹಿಸಿದನು. ಆತನ ದೂರದೃಷ್ಟಿ ಕಾಣುವುದು ಮುಂದಿನ ಹೆಜ್ಜೆಯಲ್ಲಿ. ನೀರಿನಿಂದ ಗಸಿಯನ್ನು ಬೇರ್ಪಡಿಸುವ ಕೆಲಸ ಚಿನ್ನದ ಗಿರಣಿಗೆ ಮಾತ್ರ ಮೀಸಲಲ್ಲವೆಂದು ಆತನು ಕಂಡುಕೊಂಡನು. ಕಬ್ಬಿನ ರಸವನ್ನು ತಿಳಿಗೊಳಿಸುವುದಕ್ಕೆ, ರಾಸಾಯನಿಕ ಕಾರ್ಖಾನೆಗಳಿಗೆ, ನಗರಗಳ ಕುಡಿಯುವ ನೀರಿಗೆ, ಕೊನೆಗೆ ಚರಂಡಿಯ ಕೊಳಚೆಯನ್ನು ಶುದ್ಧಿಮಾಡುವುದಕ್ಕೂ ಅದೇ ದುಂಡು ತೊಟ್ಟಿ, ಅದೇ ನಿಧಾನವಾದ ತೋಳು ಹೋದವು. ಇಂದು ಯಾವ ದೊಡ್ಡ ನಗರದ ಕೊಳಚೆ ಶುದ್ಧೀಕರಣ ಸ್ಥಾವರಕ್ಕೆ ಹೋದರೂ ಈ ಯಂತ್ರದ ಬಂಧುಬಳಗವನ್ನು ಕಾಣಬಹುದು. ಚಿನ್ನ ಕೆಲವರ ಪೆಟ್ಟಿಗೆ ಸೇರಿತು. ಶುದ್ಧವಾದ ನೀರು ಕೋಟ್ಯಂತರ ಜನರ ಆಯುಸ್ಸನ್ನು ಉಳಿಸಿತು. ೧೯೪೧ರಲ್ಲಿ ಅಮೆರಿಕದ ರಸಾಯನ ಕೈಗಾರಿಕೆಯ ಹಿರಿಯ ಗೌರವವಾದ ಪರ್ಕಿನ್ ಪದಕ ಆತನಿಗೆ ದೊರೆಯಿತು. ೧೯೫೦ರ ದಶಕದಲ್ಲಿ ಆತನ ಕಂಪನಿ, ಸೋಸುವ ಯಂತ್ರಗಳಿಗೆ ಹೆಸರಾದ ಆಲಿವರ್ ಕಂಪನಿಯೊಡನೆ ಸೇರಿ ಡಾರ್-ಆಲಿವರ್ ಆಯಿತು.

ಎಂಬತ್ತು ದಾಟಿದ ಮೇಲೆ ಮನುಷ್ಯರು ಸಾಮಾನ್ಯವಾಗಿ ಹಳೆಯ ಪದಕಗಳನ್ನು ಒರಸುತ್ತ ಕೂರುತ್ತಾರೆ. ಡಾರ್ ಮಹಾಶಯನ ಪತ್ನಿ ನೆಲ್ ಡಾರ್ ಹೆಸರಾಂತ ಛಾಯಾಚಿತ್ರಗಾರ್ತಿ. ರಾತ್ರಿಯಲ್ಲಿ, ಮಳೆಯಲ್ಲಿ, ಮಂಜಿನಲ್ಲಿ ಕಾರು ನಡೆಸುವವರು ರಸ್ತೆಯ ಅಂಚು ಕಾಣದೆ ನಡುಗೆರೆಗೆ ಅಂಟಿಕೊಂಡು ಹೋಗುತ್ತಾರೆಂಬುದು ಈ ದಂಪತಿಗಳ ಗಮನಕ್ಕೆ ಬಂದಿತು. ಎದುರಿನಿಂದ ಬರುವವನೂ ಹಾಗೆಯೇ ಮಾಡಿದರೆ ಗತಿಯೇನು? ರಸ್ತೆಯ ಹೊರ ಅಂಚಿನಲ್ಲಿಯೂ ಒಂದು ಬಿಳಿಯ ಗೆರೆಯನ್ನು ಎಳೆಯಬೇಕೆಂದು ಆತನು ಅಧಿಕಾರಿಗಳ ಬೆನ್ನು ಹತ್ತಿದನು. ೧೯೫೦ರ ದಶಕದಲ್ಲಿ ಕನೆಕ್ಟಿಕಟ್ ಸಂಸ್ಥಾನದ ಮೆರಿಟ್ ಪಾರ್ಕ್‌ವೇ ಎಂಬ ಹೆದ್ದಾರಿಯ ಒಂದು ಭಾಗದಲ್ಲಿ ಅದನ್ನು ಪರೀಕ್ಷಿಸಿದರು. ಈಗ ಆ ಅಂಚುಗೆರೆ ಲೋಕದ ಹೆದ್ದಾರಿಗಳಲ್ಲೆಲ್ಲ ಸಾಮಾನ್ಯ. ನಮ್ಮ ಪ್ರವಾಸದ ಬಸ್ಸು ಆ ರಾತ್ರಿ ಊರಿಗೆ ಮರಳಿದ್ದೂ ಅಂಥ ಒಂದು ಗೆರೆಯ ಆಸರೆಯಿಂದಲೇ. ೧೯೬೨ರಲ್ಲಿ, ತೊಂಬತ್ತು ವರ್ಷಗಳ ತುಂಬು ಬಾಳನ್ನು ಬಾಳಿ, ಡಾರ್ ಮಹಾಶಯನು ತೀರಿಕೊಂಡನು.

ಇಲ್ಲಿಗೆ ಮುಗಿಸಿದರೆ ಇದು ಸ್ತೋತ್ರವಾದೀತು, ಚರಿತ್ರೆಯಾಗದು. ತಿಳಿತೊಟ್ಟಿ ಕೆಸರನ್ನು ಇಲ್ಲವಾಗಿಸುವುದಿಲ್ಲ, ಬೇರೆ ಮಾಡುತ್ತದೆ ಅಷ್ಟೆ. ಬಡ ಅದಿರಿನಿಂದಲೂ ಲಾಭವಿದೆಯೆಂದಾದ ಮೇಲೆ ಮನುಷ್ಯನು ಇನ್ನಷ್ಟು ಬಡ ಅದಿರನ್ನು ಅಗೆದನು. ಕೆಸರು ಬೆಟ್ಟವಾಗಿ ಬೆಳೆಯಿತು. ನೀರು ತುಂಬಿದ ಆ ಕೆಸರನ್ನು ಕಟ್ಟೆ ಕಟ್ಟಿ ನಿಲ್ಲಿಸುವುದು ರೂಢಿ. ೨೦೧೯ರ ಜನವರಿಯಲ್ಲಿ ಬ್ರೆಜಿಲ್ ದೇಶದ ಬ್ರುಮಾಡಿನ್ಯೋ ಎಂಬಲ್ಲಿ ಕಬ್ಬಿಣದ ಗಣಿಯ ಇಂಥದೊಂದು ಕಟ್ಟೆ ಒಡೆಯಿತು. ಕೆಸರಿನ ಹೊಳೆಗೆ ಸಿಕ್ಕಿ ೨೭೦ ಜನ ಸತ್ತರು. ಮಧ್ಯಾಹ್ನದ ಊಟಕ್ಕೆ ಕುಳಿತಿದ್ದ ಕೆಲಸಗಾರರು ಅವರಲ್ಲಿದ್ದರು. ಕೆಸರಿನಲ್ಲಿ ಉಳಿದ ನೀರೇ ಅದಕ್ಕೆ ಹರಿಯುವ ಶಕ್ತಿಯನ್ನು ಕೊಡುತ್ತದೆ. ಆದ್ದರಿಂದ ಈಗಿನ ಇಂಜಿನಿಯರುಗಳು ಡಾರ್ ಮಹಾಶಯನ ತೊಟ್ಟಿಯನ್ನೇ ಇನ್ನೂ ಆಳವಾಗಿ, ಇನ್ನೂ ಬಲವಾಗಿ ಕಟ್ಟಿ, ಕೆಸರನ್ನು ಹಿಟ್ಟಿನ ಮುದ್ದೆಯಷ್ಟು ಗಟ್ಟಿಮಾಡಲು ಯತ್ನಿಸುತ್ತಿದ್ದಾರೆ. ಅದರಿಂದ ಎರಡು ಲಾಭ: ನೀರು ಗಿರಣಿಗೆ ಮರಳುತ್ತದೆ, ಕೆಸರು ಇಟ್ಟಲ್ಲಿ ನಿಲ್ಲುತ್ತದೆ. ಮಳೆ ಕಡಿಮೆಯಾದ, ಗಣಿಗಳು ಹೆಚ್ಚಾದ ನಮ್ಮ ಸೀಮೆಗೆ ಈ ಎರಡೂ ಎಷ್ಟು ಮುಖ್ಯವೆಂದು ನಾನು ಬೇರೆ ಹೇಳಬೇಕಾಗಿಲ್ಲ. ಡಾರ್ ಮಹಾಶಯನ ಕಾಲದಲ್ಲಿ ಗಸಿಯಲ್ಲಿ ಉಳಿದ ನೀರು ಚಿನ್ನದ ನಷ್ಟ; ನಮ್ಮ ಕಾಲದಲ್ಲಿ ಅದು ಪ್ರಾಣದ ನಷ್ಟವೂ ಆಗಬಲ್ಲುದು.

ಡಾರ್ ಮಹಾಶಯನು ಹೊಸ ಶಕ್ತಿಯೊಂದನ್ನೂ ಸೃಷ್ಟಿಸಲಿಲ್ಲ. ಭಾರವಾದದ್ದು ಕೆಳಗಿಳಿಯುತ್ತದೆಂಬುದು ಮೊದಲಿನಿಂದಲೂ ಎಲ್ಲರಿಗೂ ಗೊತ್ತಿದ್ದಿತು. ಆ ಇಳಿಯುವಿಕೆಗೆ ಸಾಕಷ್ಟು ಎಡೆಯನ್ನು ಕೊಟ್ಟು, ಅಡ್ಡಿಯನ್ನು ತೆಗೆದು, ಅದು ನಿಲ್ಲದಂತೆ ನೋಡಿಕೊಂಡುದು ಆತನ ಹಿರಿಮೆ. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ವರ್ಷದ ಪಾಠವನ್ನು ತಲೆಯೊಳಗೆ ಕದಡಿಕೊಂಡು, ಬೆಳಗಾಗುವಷ್ಟರಲ್ಲಿ ತಿಳಿಯಾಗಲೆಂದು ಹಾರೈಸುವ ನನ್ನಂಥವರಿಗೆ ಇದರಲ್ಲಿ ಒಂದು ಪಾಠವಿದೆ. ಮುಂದಿನ ಪ್ರವಾಸದಲ್ಲಿ ಆ ತೊಟ್ಟಿಯ ಬಳಿಗೆ ಮತ್ತೆ ಹೋದರೆ ನಾನು ನಗಲಾರೆ. ತೋಳು ಒಂದು ಸುತ್ತು ಮುಗಿಸುವವರೆಗೆ ನಿಂತು ನೋಡುವೆನು.